ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ ನಮ್ಮ ರೋಬೋ

ಎರಡು ಸಾವಿರದ ಇಸವಿಯ ಆಸುಪಾಸು. ಕೆ.ಆರ್. ಪುರದಾಚೆಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ರೋಬಾಟಿಕ್ಸ್ ಕ್ಲಬ್ಬಿನಲ್ಲಿ ಇದ್ದವರು ಮೂವರು: ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಮತ್ತು ನಾನು. ಸದಸ್ಯೆ ನಾನೊಬ್ಬಳೇ ಆದ್ದರಿಂದ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತಿತ್ತು.

ನೆಲದ ಮೇಲಿನ ಕಪ್ಪು ಗೆರೆಯನ್ನು ಗುರುತಿಸಿ ಅದರ ಮೇಲೇ ಓಡುವ ರೋಬೋ ಮಾಡಬೇಕೆಂದು ಅಧ್ಯಕ್ಷ ಘೋಷಿಸಿದ. ನಾನು ಶಿವಾಜಿನಗರದ ಗುಜರಿ ಅಂಗಡಿಗೆ ಹೋಗಿ ರೋಬೋಗೆಂದು ಹಳೆಯ ಟೇಪ್ ರೆಕಾರ್ಡರಿನ ಎರಡು ಮೋಟಾರು ಕೇಳಿದೆ.

"ರೋಬೋನಾ? ಮನೆ ಕಸ ಗುಡಿಸ್ತದಾ?" ಎಂದರು ಅಂಗಡಿಯ ಸಾಹೇಬರು.

"ಇಲ್ಲ, ಗೆರೆ ಮೇಲೆ ಹೋಗುತ್ತೆ."

"ಬರೀ ಹೋಗ್ತದಾ? ಅಷ್ಟಕ್ಕೆ ಕಾಲೇಜ್ ಬೇಕಾ, ಅಮ್ಮಾ?"

ಅಮ್ಮನ ಸಾಂಬಾರ್ ಪುಡಿಯ ಪ್ಲಾಸ್ಟಿಕ್ ಡಬ್ಬವೇ ರೋಬೋದ ಮೈಯಾಯಿತು. ಮೋಟಾರು ಬಿಸಿಯಾದರೆ ಸುತ್ತಲಿನವರಿಗೆಲ್ಲ ಹಸಿವಾಗುತ್ತಿತ್ತು.

ಕಾಲೇಜಿನ ವಸ್ತುಪ್ರದರ್ಶನದ ದಿನ, ಬಿಳಿ ರಟ್ಟಿನ ಮೇಲೆ ಕಪ್ಪು ಟೇಪು ಅಂಟಿಸಿ ರೋಬೋವನ್ನು ಬಿಟ್ಟೆವು. ಅಧ್ಯಕ್ಷ ಮನುಕುಲದ ಭವಿಷ್ಯದ ಬಗ್ಗೆ ಭಾಷಣ ಶುರುಮಾಡಿದ. ಎರಡು ಸುತ್ತು ವಿಧೇಯವಾಗಿ ಓಡಿದ ರೋಬೋ, ಮೂರನೆಯ ಸುತ್ತಿನ ತಿರುವಿನಲ್ಲಿ ಜಾರಿ ನೆಲಕ್ಕಿಳಿಯಿತು. ನಮ್ಮ ಕಾಲೇಜಿನ ಬಿಳಿ ನೆಲಕ್ಕೆ ಗೋಡೆಯುದ್ದಕ್ಕೂ ಕಪ್ಪು ಅಂಚು. ಅದಕ್ಕೆ ಬೇಕಾದದ್ದು ಅಷ್ಟೇ. ಅಂಚು ಹಿಡಿದು ಬಾಗಿಲು ದಾಟಿತು.

"ಹಿಡಿಯೇ!" ಎಂದು ಕಾರ್ಯದರ್ಶಿ ಕಿರುಚಿದ.

"ಮುಟ್ಬೇಡಿ!" ಎಂದ ಅಧ್ಯಕ್ಷ. "ಅದು ಸ್ವತಂತ್ರವಾಗಿ ಯೋಚಿಸ್ತಿದೆ!"

ಕಾರಿಡಾರಿನಲ್ಲಿ ಮುಂದೆ ಡಬ್ಬ, ಹಿಂದೆ ನಾವು, ನಮ್ಮ ಹಿಂದೆ ಪ್ರದರ್ಶನಕ್ಕೆ ಬಂದಿದ್ದ ಜನ. ಕಪ್ಪು ಅಂಚು ಕೊನೆಗೆ ಪ್ರಿನ್ಸಿಪಾಲರ ಕೋಣೆಗೆ ತಿರುಗಿತು. ಅವರು ಟೀ ಕುಡಿಯುತ್ತಿದ್ದರು. ಕಾಲಬಳಿ ಏನೋ ಗುರ್‌ಗುಟ್ಟಿದ್ದು ಕೇಳಿ ಎರಡೂ ಪಾದ ಮೇಲೆತ್ತಿದರು.

"ಏನ್ರೀ ಇದು?"

"ನಿಮಗೆ ತೋರಿಸೋಕೇ ತಂದ್ವಿ ಸರ್," ಎಂದ ಅಧ್ಯಕ್ಷ, ಏದುಸಿರು ಬಿಡುತ್ತಾ.

"ನೀವು ಅದನ್ನ ತಂದ್ರೋ, ಅದು ನಿಮ್ಮನ್ನ ತಂತೋ?"

ಅಷ್ಟರಲ್ಲಿ ರೋಬೋ ಬೀರುವಿನ ಕೆಳಗೆ ನುಗ್ಗಿ ಸಿಕ್ಕಿಕೊಂಡಿತು. ಇಡೀ ಕಾಲೇಜೇ ಹೆದರುತ್ತಿದ್ದ ಆ ಮನುಷ್ಯ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು, ಮಂಡಿಯೂರಿ, ಕೈಯಾಡಿಸಿ ಅದನ್ನು ಹೊರಗೆಳೆದರು. ಧೂಳು ಊದಿದರು. ತಿರುಗಿಸಿ ನೋಡಿ, "ಈ ವೈರಿಂಗ್ ಯಾರದು?" ಎಂದರು. ಅಧ್ಯಕ್ಷನೂ ಕಾರ್ಯದರ್ಶಿಯೂ ಒಟ್ಟಿಗೇ ನನ್ನತ್ತ ಬೆರಳು ತೋರಿಸಿದರು. ಬೈಗುಳ ತಪ್ಪಿಸಿಕೊಳ್ಳಲು ಹಾಗೆ ಮಾಡಿದರೆಂದು ಇಂದಿಗೂ ನಂಬಿದ್ದೇನೆ.

"ಚೆನ್ನಾಗಿದೆಯಮ್ಮ," ಎಂದರು ಅವರು.

ಮುಂದಿನ ವಾರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಮ್ಮ ಕ್ಲಬ್ಬಿಗೇ ಅಂತ ಒಂದು ಮೇಜು ಸಿಕ್ಕಿತು. ಕಿಟಕಿಯ ಪಕ್ಕದ್ದು.