ನಾಲ್ಕು ಬಟ್ಟಲು ನೀರು

ಮುಂಬೈಯ ದಹಿಸರ್‌ಗೆ ಬಂದ ಹನ್ನೊಂದನೇ ದಿನ ನನ್ನ ಸರ್ಟಿಫಿಕೇಟುಗಳ ಫೈಲು ತೆರೆದೆ. ಒಳಗಿನಿಂದ ಅಕ್ಕಿನುಚ್ಚಿನಂಥ ಬಿಳಿಯದೇನೋ ಮಡಿಲಿಗೆ ಉದುರಿತು. ಹತ್ತಿರ ಹಿಡಿದು ನೋಡಿದರೆ ಮೊಟ್ಟೆ. ಬಿ.ಎಸ್‌ಸಿ. ಎರಡನೇ ವರ್ಷದ ಅಂಕಪಟ್ಟಿಗೂ ಮೂರನೇ ವರ್ಷದ ಅಂಕಪಟ್ಟಿಗೂ ನಡುವೆ ಇರುವೆಗಳು ಸಂಸಾರ ಹೂಡಿದ್ದವು. ಬೆಳಕು ಬಿದ್ದದ್ದೇ ತಡ, ಒಂದೊಂದೂ ಒಂದೊಂದು ಮೊಟ್ಟೆ ಕಚ್ಚಿಕೊಂಡು ನನ್ನ ಹೆಸರಿನ ಮೇಲೆ, ಅಪ್ಪನ ಹೆಸರಿನ ಮೇಲೆ ಓಡತೊಡಗಿದವು.

ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಇರುವೆ ಮನೆಯೊಳಗೆ ಬರುತ್ತಿದ್ದದ್ದು ಬೆಲ್ಲಕ್ಕೆ. ಸಿಕ್ಕಷ್ಟು ಹೊತ್ತು ಹೊರಟುಹೋಗುತ್ತಿತ್ತು. ಅದರ ಗೂಡು ಅಂಗಳದ ಬೇವಿನ ಬುಡದಲ್ಲಿ. ಇಲ್ಲಿ ಅಂಗಳವೆಲ್ಲಿದೆ? ಮುಂಬೈಯ ಇರುವೆಗೆ ಬೆಲ್ಲಕ್ಕಿಂತ ಮೊದಲು ಒಣಗಿದ ಒಂದಿಷ್ಟು ಜಾಗ ಬೇಕು. ಸ್ವಿಚ್ ಬೋರ್ಡಿನೊಳಗೆ, ಬಾಗಿಲ ಚೌಕಟ್ಟಿನೊಳಗೆ, ಮಡಚಿಟ್ಟ ಸೀರೆಯೊಳಗೆ ಅದು ಸೇರಿಕೊಳ್ಳುತ್ತದೆ. ನಾನೂ ಈ ಊರಿಗೆ ಬಂದು ಮೊದಲು ಹುಡುಕಿದ್ದು ಅದನ್ನೇ.

ಆ ಫೈಲು ನಮ್ಮ ಮನೆತನದ ಮೊದಲ ಪದವಿ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ, ಅವ್ವ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು. ಪದವಿಯಾದ ಮೇಲೆ ಲ್ಯಾಬ್ ತಂತ್ರಜ್ಞೆಯ ಕೋರ್ಸು ಮಾಡಿದೆ. ಕಾಂದಿವಲಿಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಸಿಕ್ಕಿತು. ಹೀಗಾಗಿ ಆ ಕಾಗದಗಳ ಮೇಲೆ ಇರುವೆ ಕಂಡಾಗ ಮೈಮೇಲೆ ಎಚ್ಚರವಿರಲಿಲ್ಲ. "ಅಯ್ಯ ನಮ್ಮವ್ವಾ, ಇರಬಿ!" ಎಂದು ಚೀರಿದೆ.

ಗೋಡೆಯಾಚೆಯಿಂದ ದನಿ ಬಂತು. "ಎಂತ ಆಯ್ತು? ಯಾರದು ಕನ್ನಡದಲ್ಲಿ ಕೂಗಿದ್ದು?"

ಪಕ್ಕದ ಖೋಲಿಯ ಸುಜಾತಕ್ಕ ಸೌಟು ಹಿಡಿದುಕೊಂಡೇ ಬಂದರು. ಉಡುಪಿ ಕಡೆಯವರು, ಮದುವೆಯಾಗಿ ಸಾಲು ಖೋಲಿಗಳ ಈ ಚಾಳಿಗೆ ಬಂದು ಮೂವತ್ತು ವರ್ಷವಾಗುತ್ತ ಬಂದಿತ್ತು. ಗಂಡ ಬೈಕುಲ್ಲಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಸುಜಾತಕ್ಕ ಮನೆಯಲ್ಲೇ ಲಾಡು, ಎಳ್ಳುಂಡೆ ಮಾಡಿ ಆರ್ಡರ್ ಮೇಲೆ ಕೊಡುತ್ತಾರೆ.

"ಹನ್ನೊಂದು ದಿನ ಬಾಯಿ ಮುಚ್ಚಿ ಕೂತಿದ್ದೀಯಲ್ಲ ಮಾರಾಯ್ತಿ! ನಾನು ನಿನ್ನನ್ನು ಮದ್ರಾಸಿ ಅಂತ ಮಾಡಿದ್ದೆ. ಹೆಸರೆಂತ?"

"ರೇಣುಕಾ ರೀ, ಅಕ್ಕಾರ."

"ಅಕ್ಕಾರ ಬೇಡ, ಅಕ್ಕ ಸಾಕು. ಆ 'ರೀ' ಕೇಳಿದರೆ ನನಗೆ ಬ್ಯಾಂಕಿನಲ್ಲಿ ಕೂತ ಹಾಗೆ ಆಗ್ತದೆ."

ಅಂಕಪಟ್ಟಿಗಳನ್ನು ಒಂದೊಂದಾಗಿ ಕೊಡವಿ, ತಮ್ಮ ಕಿಟಕಿಯ ಬಿಸಿಲಿಗೆ ಹರಡಿ, ಮೇಲೆ ಕುಕ್ಕರಿನ ಮುಚ್ಚಳ ಹೇರಿಟ್ಟವರು ಅವರೇ. ಅಂದಿನಿಂದ ನನ್ನ ಮುಂಬೈ ಎಂದರೆ ಸುಜಾತಕ್ಕ. ಅವರ ತೆಂಗಿನಕಾಯಿ ಸಾರು ನನಗೆ ಸಪ್ಪೆ. ನನ್ನ ಕಟಿ ರೊಟ್ಟಿಗೆ "ಇದಕ್ಕೆ ಬೇರೆ ಹಲ್ಲು ಕಟ್ಟಿಸಬೇಕು" ಎಂದು ಅವರ ತಕರಾರು. ಆದರೂ ಸಾರು-ಪಲ್ಯದ ವಾಟಿ ಆಚೆಗೂ ಈಚೆಗೂ ಓಡಾಡುತ್ತಿತ್ತು. ಮರಾಠಿ ಕಲಿಸಿದ್ದೂ ಅವರೇ. ಇರುವೆಗೆ ಮುಂಗಿ, ಬಾಡಿಗೆದಾರನಿಗೆ ಭಾಡೇಕರು. "ಈ ಮುಂಗಿಗಳು ಡಿಪಾಸಿಟ್ ಕೊಡದ ಭಾಡೇಕರು ನೋಡು" ಎಂದು ನಗುತ್ತಿದ್ದರು. ತರಕಾರಿ ಮಾರುವ ಭಾಜಿಯವನ ಗಾಡಿ ಬಂದರೆ ನನ್ನನ್ನು ಮುಂದೆ ದೂಡಿ ತಾವು ಹಿಂದೆ ನಿಲ್ಲುತ್ತಿದ್ದರು. "ಮಾತಾಡು. ತಪ್ಪಿದರೆ ಅವನು ನಗಾಡ್ತಾನೆ, ಕಚ್ಚುವುದಿಲ್ಲ."

ಮಳೆ ಹಿಡಿಯಿತು. ನೆಲದಡಿಯ ಗೂಡುಗಳಲ್ಲಿ ನೀರು ನಿಂತು ಇರುವೆಗಳೆಲ್ಲ ಮೇಲೆದ್ದವು. ಅವ್ವ ಶಾಲೆಯ ಅಡುಗೆ ಕೋಣೆಯಲ್ಲಿ ಮಾಡುವುದು ನನಗೆ ನೆನಪಿತ್ತು. ಬೆಲ್ಲದ ಡಬ್ಬಿ ಇಡುವ ಬೆಂಚಿನ ನಾಲ್ಕೂ ಕಾಲುಗಳು ನಾಲ್ಕು ನೀರಿನ ಬಟ್ಟಲುಗಳಲ್ಲಿ ನಿಂತಿರುತ್ತವೆ. ಇರುವೆ ಅಂಚಿನವರೆಗೆ ಬಂದು, ಮೀಸೆ ಆಡಿಸಿ, ವಾಪಸು ಹೋಗುತ್ತದೆ. ನಾನೂ ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ ನನ್ನ ಕಬ್ಬಿಣದ ರ್‍ಯಾಕಿನ ಕಾಲುಗಳಡಿ ಇಟ್ಟೆ. ಬೆಳಿಗ್ಗೆ ಆರಕ್ಕೆ ನಲ್ಲಿ ಬಂದ ಕೂಡಲೇ ಹಳೆಯ ನೀರು ಚೆಲ್ಲಿ, ತಳ ತಿಕ್ಕಿ, ಹೊಸದು ತುಂಬುತ್ತಿದ್ದೆ.

ಸುಜಾತಕ್ಕ ನೋಡಿದರು. ನಮ್ಮಿಬ್ಬರ ಬಾಗಿಲುಗಳ ನಡುವೆ, ಗ್ಯಾಲರಿಯಲ್ಲಿ ಅವರ ಮರದ ಸ್ಟ್ಯಾಂಡು. ಅದರ ಮೇಲೆ ಲಾಡಿನ ಡಬ್ಬಿಗಳು. ಹಿಂದಿನ ವಾರವಷ್ಟೇ ಒಂದಿಡೀ ಡಬ್ಬಿಗೆ ಇರುವೆ ಹೊಕ್ಕಿತ್ತು.

"ನನಗೂ ಮಾಡಿ ಕೊಡು ಮಾರಾಯ್ತಿ. ಗಣಪತಿ ಹಬ್ಬದ ಆರ್ಡರ್ ಉಂಟು."

ಇಟ್ಟುಕೊಟ್ಟೆ. "ಅಕ್ಕಾ, ದಿನಾ ನೀರು ಬದಲ್ ಮಾಡಬೇಕ್ ನೋಡು. ನಿಂತ ನೀರಾಗ ಸೊಳ್ಳಿ ಹುಟ್ತಾವ."

"ಆಯ್ತು ಟೀಚರ್" ಎಂದರು.

ಅವರು ಬದಲಾಯಿಸಲಿಲ್ಲ. ನಲ್ಲಿ ಬರುವುದೇ ಒಂದು ಗಂಟೆ. ಹಬ್ಬದ ಕೆಲಸದಲ್ಲಿ, ಬಟ್ಟಲ ನೀರು ಆರಿದಷ್ಟಕ್ಕೆ ಮೇಲಿಂದ ಇನ್ನೊಂದಿಷ್ಟು ಸುರಿಯುತ್ತಿದ್ದರು. ತಳ ಹಸಿರುಗಟ್ಟಿದ್ದನ್ನು ನಾನು ನೋಡಿದ್ದೆ. ನಾನೇ ಚೆಲ್ಲಬಹುದಿತ್ತು, ಕನಿಷ್ಠ ಇನ್ನೊಮ್ಮೆ ಹೇಳಬಹುದಿತ್ತು. ಎರಡೂ ಮಾಡಲಿಲ್ಲ. ದೊಡ್ಡವರಿಗೆ ಎಷ್ಟು ಸಲ ಹೇಳುವುದು ಎಂಬ ಮುಲಾಜು. ಇದನ್ನು ಮುಚ್ಚಿಟ್ಟು ಬರೆದರೆ ಈ ಕಥನ ಸುಳ್ಳಾಗುತ್ತದೆ.

ಒಂದು ಬೆಳಿಗ್ಗೆ ನಾನು ಲ್ಯಾಬಿಗೆ ಹೊರಡುವ ಹೊತ್ತಿಗೆ ಪಾಲಿಕೆಯ ಸೊಳ್ಳೆ ತಪಾಸಣೆಯವರು ಇಬ್ಬರು ಬಂದರು. ಮಳೆಗಾಲದಲ್ಲಿ ಅವರು ಬರುವುದು ಮಾಮೂಲು. ಹೂಕುಂಡ, ಪೀಪಾಯಿ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲದರೊಳಗೂ ಟಾರ್ಚ್ ಬಿಟ್ಟು ನೋಡುತ್ತಾರೆ. ಜೊತೆಗೆ ಚಾಳಿನ ಸೆಕ್ರೆಟರಿ ಇದ್ದರು. ಟಾರ್ಚ್ ಸ್ಟ್ಯಾಂಡಿನ ಕಾಲಿನ ಹತ್ತಿರ ನಿಂತಿತು. ಬಟ್ಟಲಲ್ಲಿ ಸೊಳ್ಳೆಯ ಮರಿಹುಳುಗಳು ಕೊಂಕಿ ಕೊಂಕಿ ಮೇಲೇಳುತ್ತಿದ್ದವು.

ಯಾರದು ಇದು ಎಂದು ಕೇಳಿದರು.

ಸುಜಾತಕ್ಕ ನನ್ನ ಕಡೆ ನೋಡಲಿಲ್ಲ. "ಸ್ಟ್ಯಾಂಡ್ ಮಾಝಾ, ಪಾಣಿ ಹಿಚಂ" ಎಂದರು. ಸ್ಟ್ಯಾಂಡು ನನ್ನದು, ನೀರು ಇವಳದು. ಆಮೇಲೆ ಸ್ವಲ್ಪ ನಕ್ಕು, "ಗಾವಾಕಡಚಿ ಆಹೆ, ತಿಲಾ ಕಾಯ್ ಕಳತಂ?" ಹಳ್ಳಿಯವಳು, ಅವಳಿಗೇನು ತಿಳಿಯುತ್ತದೆ?

ನನಗೆ ತಿಳಿಯದಿರಲಿ ಎಂದೇ ಅವರು ಅಷ್ಟು ವೇಗವಾಗಿ ಮಾತಾಡಿದ್ದು. ಆದರೆ ಒಂದೊಂದು ಶಬ್ದವೂ ತಿಳಿಯಿತು. ಅವಷ್ಟನ್ನೂ ಅವರೇ ಕಲಿಸಿದ್ದರು.

ತಪಾಸಣೆಯವರು ನನ್ನ ಖೋಲಿಯೊಳಗೆ ಇಣುಕಿದರು. ರ್‍ಯಾಕಿನ ಕಾಲುಗಳಡಿ ಅದೇ ಬಾಟಲಿಯ ತಳಗಳು. ಅವುಗಳ ನೀರು ಅಂದು ಬೆಳಗಿನದು, ತಳದ ಗೀರು ಕಾಣುವಷ್ಟು ತಿಳಿ. ಅದನ್ನು ಯಾರು ಕೇಳುತ್ತಾರೆ? ಬಟ್ಟಲು ಒಂದೇ ಥರದ್ದಾಗಿತ್ತು. "ಮಾಝಂ ನಾಹಿ" ಎಂದೆ, ನನ್ನದಲ್ಲ ಎಂದು. ಭಾಜಿ ಕೊಳ್ಳುವಷ್ಟು ಮರಾಠಿ ಇತ್ತು, ಜಗಳಾಡುವಷ್ಟಿರಲಿಲ್ಲ. ನೋಟಿಸು ನನ್ನ ಖೋಲಿಯ ನಂಬರಿಗೆ ಬರೆದರು. ಸೆಕ್ರೆಟರಿ ತಲೆಯಲ್ಲಾಡಿಸಿ ಕೇಳಿದರು, "ಮ್ಯಾಡಮ್, ತುಮ್ಹಿ ಶಿಕಲೇಲ್ಯಾ ನಾ?" ನೀವು ಓದಿದವರಲ್ಲವೇ?

ಅಂದು ಲ್ಯಾಬಿನಲ್ಲಿ ನನ್ನ ಟ್ರೇಯ ತುಂಬ ಡೆಂಗಿ ಪರೀಕ್ಷೆಯ ರಕ್ತವೇ ಇತ್ತು. ಪ್ರತಿ ನಳಿಗೆಯ ಮೇಲೆ ಹೆಸರು ಓದುವಾಗ ಆ ಪ್ರಶ್ನೆ ಕೇಳಿಸುತ್ತಿತ್ತು.

ಸಂಜೆ ಸುಜಾತಕ್ಕನ ಬಾಗಿಲಿಗೆ ಹೋದೆ. ಸ್ಟ್ಯಾಂಡಿನ ಕೆಳಗೆ ಬಟ್ಟಲುಗಳಿರಲಿಲ್ಲ. ಇರುವೆಯ ಸಾಲು ಆಗಲೇ ಕಾಲು ಹತ್ತುತ್ತಿತ್ತು.

"ನೋಟಿಸು ಅಂದ್ರೆ ಕಾಗದ, ಅಷ್ಟೇ ಅಲ್ವಾ?" ಎಂದರು, ಉಂಡೆ ಕಟ್ಟುವ ಕೈ ನಿಲ್ಲಿಸದೆ. "ನಿನಗೆ ಎಂತ ಹೋಗ್ತದೆ? ಒಂಟಿ ಹುಡುಗಿ, ಬೇರೆ ಖೋಲಿ ಸಿಗ್ತದೆ. ನನ್ನ ಹೆಸರು ಬರೆದಿದ್ದರೆ ಈ ಚಾಳಿನಲ್ಲಿ ಯಾರು ನನ್ನ ಲಾಡು ತಿನ್ತಾರೆ ಹೇಳು?"

"ಅಕ್ಕಾರ," ಎಂದೆ, 'ರೀ'ಕಾರ ತಾನಾಗಿ ವಾಪಸು ಬಂದಿತ್ತು. "ಇದನ್ನ ಮುಂಜಾನೆ ನನಗ ಕನ್ನಡದಾಗ ಒಂದ್ ಮಾತು ಕೇಳಿದ್ರ ಸಾಕಿತ್ರಿ. ನಾನ ಒಪ್ಕೋತಿದ್ನಿ."

ಸುಳ್ಳಲ್ಲ. ಒಪ್ಪಿಕೊಳ್ಳುತ್ತಿದ್ದೆ. ಅವರ ಕೈ ಒಂದು ಕ್ಷಣ ನಿಂತಿತು. "ಕೂತ್ಕೋ, ಲಾಡು ತಿನ್ನು" ಎಂದರು. ನಾನು ಕೂರಲಿಲ್ಲ.

ಹನ್ನೊಂದು ತಿಂಗಳ ಕರಾರು ಮುಗಿದಾಗ ಮಾಲೀಕ ಮುಂದುವರಿಸಲಿಲ್ಲ. ಆ ನೋಟಿಸು ಬಂದ ಮೇಲೆ ಚಾಳಿನ ಕಮಿಟಿಯವರು ಬೇಡ ಅನ್ನುತ್ತಾರೆ ಎಂದ. ಒಂಟಿ ಹುಡುಗಿಗೆ ಖೋಲಿ ಸಿಗುವುದು ಸುಜಾತಕ್ಕ ಹೇಳಿದಷ್ಟು ಸುಲಭವಿರಲಿಲ್ಲ. ಅವ್ವನನ್ನು ಕರೆಸಿ, ನೋಡು ನನ್ನ ಖೋಲಿ ಎಂದು ತೋರಿಸಬೇಕೆಂದಿದ್ದೆ. ಅದು ಆಗಲಿಲ್ಲ. ಕೊನೆಗೆ ಕಾಂದಿವಲಿಯಲ್ಲಿ ಲ್ಯಾಬಿನ ಹಿಂದಿನ ಗಲ್ಲಿಯಲ್ಲಿ ಇನ್ನೂ ಚಿಕ್ಕದೊಂದು ಸಿಕ್ಕಿತು. ನಡುವೆ ಒಮ್ಮೆ ಊರಿಗೆ ಹೋದೆ. ಅವ್ವನ ಶಾಲೆಯಲ್ಲಿ ಬೆಂಚಿನ ಕಾಲಡಿಯ ಬಟ್ಟಲು ಕಂಡದ್ದೇ ಬಗ್ಗಿ, ನಾಲ್ಕರದ್ದೂ ನೀರು ಅಂಗಳಕ್ಕೆ ಚೆಲ್ಲಿಬಿಟ್ಟೆ.

"ಈಗ ತುಂಬಿಟ್ಟೀನಲ್ಲ ಯವ್ವಾ," ಅವ್ವ ಕಣ್ಣರಳಿಸಿದಳು. "ಏನಾತು ನಿನಗ? ಬಾಂಬೇದಾಕಿ ಆದಿ ನೀ."

ನಾಲ್ಕನ್ನೂ ಮತ್ತೆ ತುಂಬಿಕೊಟ್ಟೆ.

ಕಾಂದಿವಲಿಯ ಖೋಲಿಯಲ್ಲಿ ನಾನು ಬಟ್ಟಲು ಇಡುವುದಿಲ್ಲ. ಇರುವೆ ಮದ್ದಿನ ಸೀಮೆಸುಣ್ಣದಿಂದ ಹೊಸ್ತಿಲಿಗೆ ಬಿಳಿ ಗೆರೆ ಎಳೆಯುತ್ತೇನೆ. ಕಳೆದ ತಿಂಗಳು ಪಕ್ಕದ ಖೋಲಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಮೊನ್ನೆ ಭಾನುವಾರ ಬೆಳಿಗ್ಗೆ ಅವಳ ಚೀರಾಟ ಕೇಳಿಸಿತು. "ಅಯ್ಯ ಶಿವನ, ಹಾಸಿಗ್ಯಾಗ ಇರಬಿ!"

ಎದ್ದು ಹೋಗಿ ಅವಳ ಬಾಗಿಲಲ್ಲಿ ನಿಂತೆ. ಕೈಯಲ್ಲಿ ಹೊದಿಕೆ ಹಿಡಿದು ಕೊಡವುತ್ತಿದ್ದಳು. ಮುಖದಲ್ಲಿ ಹನ್ನೊಂದನೇ ದಿನದ ನಾನು. ನಾಲಿಗೆಯ ತುದಿಯಲ್ಲಿ ಕನ್ನಡವಿತ್ತು. ಬಾಯಿಂದ ಬಂದದ್ದು ಮರಾಠಿ, "ಕಾಯ್ ಝಾಲಂ?" ಏನಾಯಿತು?

ಅವಳು ಹರಕು ಹಿಂದಿಯಲ್ಲಿ ಇರುವೆ ತೋರಿಸಿದಳು. ನನ್ನ ಸೀಮೆಸುಣ್ಣದಲ್ಲಿ ಅರ್ಧ ಮುರಿದು ಕೊಟ್ಟೆ. ಹೇಗೆ ಎಳೆಯುವುದೆಂದು ಕೈಸನ್ನೆ ಮಾಡಿದೆ. "ಥ್ಯಾಂಕ್ಯೂ ದೀದಿ" ಎಂದಳು.

ಬಂದು ಬಾಗಿಲು ಹಾಕಿಕೊಂಡೆ. ಗೋಡೆಯಾಚೆ ಅವಳು ನೆಲ ಗೀಚುತ್ತ, ಇರುವೆಗಳ ಹುಟ್ಟಿದ ಮನೆ, ಸೇರಿದ ಮನೆ ಎರಡನ್ನೂ ನಮ್ಮ ಕಡೆಯ ಮಾತಿನಲ್ಲಿ ಬೈಯುತ್ತಿದ್ದಳು. ಮಾಡಿಟ್ಟಿದ್ದ ಚಹಾ ಆರುವವರೆಗೆ ಅಲ್ಲೇ ನಿಂತು ಕೇಳಿಸಿಕೊಂಡೆ.