ಕೆರೆಯ ನಡುವೆ ಬೀಗರ ದನಿ

ನನ್ನ ಗಂಟಲಿನಲ್ಲಿ ನಮ್ಮ ಇಡೀ ಓಣಿ ಸಂಸಾರ ಹೂಡಿದೆ. ಹಾಲಿನವನು, ಮುಡಬಿ ಬಸ್ಸಿನ ಕಂಡಕ್ಟರು, ಸಾಲಿಯ ಹೆಡ್ ಮಾಸ್ತರು, ಕೆಮ್ಮುವ ಮುತ್ಯಾ, ಎಲ್ಲರೂ ಅಲ್ಲೇ ಇದ್ದಾರೆ. ನನ್ನ ಸ್ವಂತ ದನಿಗೆ ಮಾತ್ರ ಜಾಗ ಸಾಲದು. ಅದು ಹೊರಗೆ ಕಟ್ಟೆಯ ಮೇಲೆ ಮಲಗುತ್ತದೆ. ನಾನು ಫೋನ್ ಮಾಡಿದರೆ ಅವ್ವ ಮೊದಲು ಕೇಳುವುದು, ಈಗ ಯಾರು ಮಾತಾಡಾಕತ್ತೀರಿ ಅಂತ.

ಹಾಗಾಗಿ ಹುಮನಾಬಾದಿನಿಂದ ಅಕ್ಕನನ್ನು ನೋಡಲು ಬರುವವರಿದ್ದ ದಿನ ಅಕ್ಕ ನನ್ನನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು. "ಇವತ್ತೊಂದಿನ ನಿನ್ನ ದನ್ಯಾಗ ಮಾತಾಡು. ಇಲ್ಲಂದ್ರ ಬಾಯೇ ತೆರೀಬ್ಯಾಡ," ಅಂದಳು. ನಾನು ಅಪ್ಪನ ದನಿಯಲ್ಲಿ "ಆಯ್ತವಾ" ಎಂದೆ. ಸವಟಿನ ಪೆಟ್ಟು ನನ್ನ ದನಿಯಲ್ಲೇ ತಿಂದೆ.

ಅವಳ ಸಿಟ್ಟಿಗೆ ಕಾರಣವಿತ್ತು. ಅಕ್ಕ ರಾಜೇಶ್ವರದ ಸಾಲಿಯಲ್ಲಿ ಗಣಿತ ಕಲಿಸುತ್ತಾಳೆ. ಹಿಂದೆ ಬಂದ ವರಗಳೆಲ್ಲ ಹುಡುಗಿ ಛಲೋ, ಉಪ್ಪಿಟ್ಟೂ ಛಲೋ ಎಂದು ಹೊಗಳಿ, ಕಡೆಗೆ ನೌಕರಿ ಬಿಡಬೇಕು ಅಂದು ಎದ್ದು ಹೋಗಿದ್ದರು. ಈ ಸಲದ ಹುಡುಗ ಅವಳಿಗೆ ಹಿಡಿಸಿದ್ದ. ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಮೊಬೈಲಿನಲ್ಲಿ ಅವನ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಮೂಗಿನ ಮೇಲಿನ ಮಚ್ಚೆಯೂ ಅವಳಿಗೆ ಬಾಯಿಪಾಠ ಆಗಿರಬೇಕು. ಇನ್ನು ಉಳಿದದ್ದು ಒಂದೇ: ಅವಳು ಸಾಲಿಗೆ ಹೋಗಬಹುದೋ ಇಲ್ಲವೋ.

ಅದನ್ನು ಹೇಳಬೇಕಾದವರು ಹುಡುಗನ ಅಪ್ಪ, ಅಂದರೆ ನಮ್ಮ ಬೀಗರಾಗಬೇಕಾದವರು. ಹುಮನಾಬಾದಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಬಂದು ಕೂತವರೇ, "ನಾ ಮಾತಾಡೋದು ಕಮ್ಮಿ," ಅಂದರು. ಆಮೇಲೆ ಒಂದು ತಾಸು ಬೇರೆ ಯಾರಿಗೂ ಬಾಯಿ ತೆರೆಯುವ ಸಂದರ್ಭ ಬರಲಿಲ್ಲ. ನೌಕರಿಯ ವಿಷಯ ಹ್ಯಾಂಗರಿ ಎಂದು ಅಪ್ಪ ಕೇಳಿದರೆ, "ಅಸಲಿ ಮಾತು ಏನಂದ್ರ," ಎಂದು ಶುರು ಮಾಡಿ, ಅಲ್ಲಿಂದ ತೊಗರಿಗೆ ಹೊರಳಿ, ತೊಗರಿಯಿಂದ ಬಿಸಿಲಿಗೆ, ಬಿಸಿಲಿನಿಂದ ತಮ್ಮ ಎಡ ಮೊಳಕಾಲಿಗೆ ಬಂದರು. ಅಷ್ಟರಲ್ಲಿ ಚಹಾ ಬಂತು. ಬಸಿಗೆ ಸುರುವಿ ಫೂ ಅಂತ ಊದಿ, ಸೊರ್ ಅಂತ ಎಳೆದು, ಮೀಸೆ ಒರೆಸಿಕೊಂಡರು. ಅಸಲಿ ಮಾತು ಬಸಿಯಲ್ಲೇ ಉಳಿಯಿತು. ಅಪ್ಪ ಮತ್ತೆ ಕೇಳಿದ. "ನೋಡೋಣಂತ್ರಿ," ಅಂದರು. ನಮ್ಮ ಕಡೆ ನೋಡೋಣ ಅಂದವರು ಆಮೇಲೆ ಕಣ್ಣಿಗೂ ಬೀಳುವುದಿಲ್ಲ.

ನಾನು ತುಟಿ ಕಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದೆ. ಆ ಫೂ, ಆ ಸೊರ್, ಒಂದೊಂದೂ ನನ್ನ ಗಂಟಲಿಗೆ ಇಳಿದು ಹಾಸಿಗೆ ಬಿಡಿಸಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಸಿಗೆಯಲ್ಲಿ ನಮ್ಮ ಬಸವಕಲ್ಯಾಣದ ಕಲ್ಲಿನ ಮನೆಗಳು ಸಂಜೆಗೆ ರೊಟ್ಟಿಯ ಹಂಚಿನಂತಾಗಿರುತ್ತವೆ. ಕುರ್ಚಿ ಎತ್ತಿಡಲು ಬಂದಿದ್ದ ನಮ್ಮ ಓಣಿಯ ಚಾಚಾ ಆಗ ಬಾಯಿ ಹಾಕಿದ. ಕೆರೆಯ ಮೀನಿನ ಗುತ್ತಿಗೆ ಅವನದು. ಹುಡುಗ ಹುಡುಗಿ ನಾಲ್ಕು ಮಾತಾಡಬೇಕಂದ್ರ ಇಲ್ಲಿ ಬೆವರಿನಾಗ ಯಾಕ, ನನ್ನ ದೋಣ್ಯಾಗ ಗಾಳಿಗೆ ಕುಂತು ಆಡಲಿ, ಸಂಗಡ ಇವ ಇರ್ತಾನ ಎಂದು ನನ್ನ ಕಡೆ ಕೈ ತೋರಿಸಿದ. ನನ್ನನ್ನು ಕಾವಲಿಗೆ ಇಡುವುದೆಂದರೆ ಬೆಕ್ಕನ್ನು ಹಾಲಿಗೆ ಇಟ್ಟಂತೆ ಎಂದು ಅಕ್ಕನ ಮುಖ ಹೇಳಿತು. ಆದರೆ ಎರಡೂ ಬೀಗರು ಸೆಕೆಗೆ ಒಪ್ಪಿಬಿಟ್ಟರು.

ಹೀಗೆ ಜಮಖಾನಿ, ಚುಡುವಾದ ಡಬ್ಬಿ, ಚಹಾದ ಥರ್ಮಾಸು, ಕೋಲೂರುವ ಹುಡುಗನ ಅಜ್ಜಿ ಸಮೇತ ಎರಡು ಮನೆತನ ತ್ರಿಪುರಾಂತ ಕೆರೆಯ ಮೆಟ್ಟಿಲಿಗೆ ಬಂದು ಇಳಿಯಿತು. ಅವ್ವ ಸೆರಗಿನಡಿ ಒಂದು ಸಣ್ಣ ಡಬ್ಬಿಯಲ್ಲಿ ಸಕ್ಕರೆಯನ್ನೂ ತಂದಿದ್ದಳು. ಮಾತು ಕುದುರಿದರೆ ಎಲ್ಲರ ಬಾಯಿಗೂ ಸಕ್ಕರೆ ಹಾಕಬೇಕು. ಒಮ್ಮೆ ಸಕ್ಕರೆ ಬಿತ್ತೆಂದರೆ ಆ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಯಾವ ವರ ಬಂದರೂ ಅವ್ವನ ಡಬ್ಬಿ ತಯಾರು. ಅದು ಸಲಸಲವೂ ತುಂಬಿಕೊಂಡು ಹೋಗಿ ತುಂಬಿಕೊಂಡೇ ವಾಪಸು ಬಂದಿತ್ತು.

ದೋಣಿಯ ಬಗ್ಗೆ ಹೇಳಬೇಕು. ಅದು ಚಾಚಾನ ಅಪ್ಪನ ಕಾಲದ್ದು. ಬಣ್ಣದ ಮೇಲೆ ಬಣ್ಣ ಹಚ್ಚಿ ಹಚ್ಚಿ ಕಟ್ಟಿಗೆ ಎಲ್ಲಿ ಮುಗಿಯುತ್ತದೆ, ಬಣ್ಣ ಎಲ್ಲಿ ಶುರು ಎಂದು ಗೊತ್ತಾಗುತ್ತಿರಲಿಲ್ಲ. ತೂತು ಬಿದ್ದಲ್ಲಿ ಡಾಂಬರು, ಡಾಂಬರು ಬಿಟ್ಟಲ್ಲಿ ಎಣ್ಣೆ ಡಬ್ಬಿಯ ತಗಡು. ನೀರು ಬರ್ತದೇನ್ ಚಾಚಾ ಎಂದು ಕೇಳಿದರೆ, ಬರ್ತದ, ಆದರ ಅದಬ್‌ನಿಂದ ಬರ್ತದ, ಅಂದ. ನನ್ನ ಕೈಗೊಂದು ಡಾಲ್ಡಾ ಡಬ್ಬಿ ಕೊಟ್ಟ. ಮರ್ಯಾದೆಯಿಂದ ಒಳಬಂದ ನೀರನ್ನು ಮರ್ಯಾದೆಯಿಂದ ಹೊರಗೆ ಕಳಿಸುವುದು ನನ್ನ ಕೆಲಸ. ಜೋರಾಗಿ ಹುಟ್ಟು ಹಾಕಿದರೆ ದೋಣಿ ಬಲಕ್ಕೆ ಸುತ್ತುತ್ತಿತ್ತು, ಹಾಗಾಗಿ ಚಾಚಾ ನಿಧಾನ ಹಾಕಿದ.

ನಡುನೀರಿಗೆ ಬಂದಾಗ ನನಗೂ ಮಾತು ಬೇಡವೆನಿಸಿತು, ಇದನ್ನು ನನ್ನ ಜೀವನದ ಅಪರೂಪದ ಗಳಿಗೆ ಎಂದು ಬರೆದುಕೊಳ್ಳಬಹುದು. ದಿನವಿಡೀ ಮುಖಕ್ಕೆ ಹೊಡೆದ ಗಾಳಿ ಎಲ್ಲೋ ಹೋಗಿ ಮಲಗಿತ್ತು. ನೀರು ಮೇಲೆ ಬೆಚ್ಚಗೆ, ಕೈ ಅದ್ದಿದರೆ ಕೆಳಗೆ ತಂಪು. ಬೆಳ್ಳಕ್ಕಿಗಳು ಸಾಲಾಗಿ ಗಿಡಕ್ಕೆ ಮರಳುತ್ತಿದ್ದವು. ದಂಡೆಯ ಗದ್ದಲ ದೂರದ್ದಾದರೂ ಚೊಕ್ಕವಾಗಿ ಕೇಳುತ್ತಿತ್ತು: ಯಾರೋ ಚುಡುವಾ ಅಗಿದದ್ದು, ಥರ್ಮಾಸಿನ ಮುಚ್ಚಳ ತಿರುಗಿದ್ದು, ಬೀಗರ ಫೂ ಮತ್ತು ಸೊರ್. ಅಲ್ಲಿಂದ ಇಲ್ಲಿಗೆ ಇಷ್ಟು ಚೆಂದ ಕೇಳುವುದಾದರೆ ಇಲ್ಲಿಂದ ಅಲ್ಲಿಗೂ ಕೇಳಬಹುದು ಎಂಬ ಅಕಲು ನನಗೆ ಬರಲಿಲ್ಲ. ಪದವಿ ಪಾಸಾಗಿದ್ದೇನೆ, ಹೇಳಿಕೊಳ್ಳಲಿಕ್ಕೆ.

ಹುಡುಗ ಬಹಳ ಹೊತ್ತು ಕೂತು ಯೋಚಿಸಿ, "ನೀರು ಛಲೋ ಅದ," ಅಂದ. ಅಕ್ಕ, "ಹೌದ್ರಿ," ಅಂದಳು. ನಾನು ಒಂದು ಡಬ್ಬಿ ಛಲೋ ನೀರನ್ನು ಹೊರಗೆ ಚೆಲ್ಲಿದೆ.

ಕಡೆಗೆ ಅಕ್ಕನೇ ಗಣಿತದ ಮೇಡಮ್ ಆದಳು. "ನಾ ಸಾಲಿ ಬಿಡಂಗಿಲ್ರಿ. ಅದು ನಿಮ್ಮ ಮನ್ಯಾಗ ನಡೀತದೇನು?"

"ನನಗ ಅಡ್ಡಿ ಇಲ್ಲ," ಅಂದ ಹುಡುಗ. "ಅಪ್ಪಾರು ಬ್ಯಾಡ ಅನ್ನಂಗಿಲ್ಲ, ಹೂಂನೂ ಅನ್ನಂಗಿಲ್ಲ. ಹುಟ್ಟಿದಾಗಿಂದ ನಾನೂ ಅವರ ಅಸಲಿ ಮಾತಿಗೇ ಕಾಯಾಕತ್ತೀನಿ."

ಅಕ್ಕ ನೀರಿನ ಕಡೆ ಮುಖ ತಿರುಗಿಸಿದಳು. ಅವಳ ಆ ಮುಖ ನಾನು ಕಂಡದ್ದೇ. ಸಕ್ಕರೆ ಡಬ್ಬಿ ತುಂಬಿಕೊಂಡೇ ಮನೆಗೆ ಮರಳಿದ ಸಂಜೆಗಳ ಮುಖ ಅದು. ಅದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಡಾಲ್ಡಾ ಡಬ್ಬಿಯನ್ನು ಬಸಿಯಂತೆ ಎತ್ತಿ ಹಿಡಿದೆ. ಫೂ ಅಂದೆ. ಸೊರ್ ಅಂದೆ. ಹುಡುಗ ಬೆಚ್ಚಿ ದಂಡೆಯ ಕಡೆ ನೋಡಿ, ಆಮೇಲೆ ನನ್ನನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನನ್ನ ತೊಡೆ ಚಿವುಟಿದಳು. ಆದರೆ ಚಿವುಟುತ್ತಲೇ ಅವಳಿಗೂ ನಗು ಬಂತು, ಮೆಲ್ಲಗೆ, "ಮುಂದ?" ಅಂದಳು. ಇಂಥ ಪ್ರೇಕ್ಷಕರು ಸಿಕ್ಕರೆ ನಾನು ಮುಳುಗುವ ಹಡಗಿನಲ್ಲೂ ಕಾರ್ಯಕ್ರಮ ಕೊಡುತ್ತೇನೆ. ಕೊಟ್ಟೆ, ಎದೆ ತುಂಬಿ.

"ನಾ ಮಾತಾಡೋದು ಕಮ್ಮಿ. ಅಸಲಿ ಮಾತು ಏನಂದ್ರ, ಹುಡುಗಿ ಸಾಲಿಗಿ ಹೋಗ್ತಾಳ. ರಾಜೇಶ್ವರಕ ಹುಮನಾಬಾದಿಂದನೂ ಬಸ್ ಅವ. ನಂದು ಹೂಂ ಅದ."

ದಂಡೆಯ ಮೇಲೆ ಚುಡುವಾ ಅಗಿಯುವುದು ನಿಂತಿತು. ಆಮೇಲೆ ಹುಡುಗನ ಆಯಿಯ, ಅಂದರೆ ಬೀಗರ ತಾಯಿಯ, ನಡುಗುವ ದನಿ ನೀರಿನ ಮೇಲೆ ತೇಲಿ ಬಂತು. "ನನ್ನ ಮಗ ಮಾತು ಕೊಟ್ಟ. ಸಕ್ರಿ ತರ್ರಿ."

ಆಗಿದ್ದು ಇಷ್ಟು, ಆಮೇಲೆ ಅವ್ವ ಹೇಳಿದ್ದು. ಬೀಗರಿಗೆ ಫೋನ್ ಬಂದು, ಸಿಗ್ನಲ್ ಹುಡುಕುತ್ತ ಅವರು ಕಟ್ಟೆಯ ಆಚೆ ಬದಿಗೆ ಹೋಗಿದ್ದರು. ಮುಖ ಮಬ್ಬಾಗುವ ಹೊತ್ತು. ಹೂಂ ಎಂಬ ದನಿ ಕೇಳಿದ ಎಲ್ಲರೂ, ಅವರು ಅಲ್ಲೇ ಎಲ್ಲೋ ನಿಂತು ಹೇಳಿದರೆಂದು ತಿಳಿದರು. ಅವ್ವನಂತೂ ಯಾರು ಹೇಳಿದರು ಎಂದು ಕತ್ತು ತಿರುಗಿಸಲೂ ಇಲ್ಲ, ಡಬ್ಬಿ ತೆಗೆದಳು. ನಾವು ದಂಡೆ ಮುಟ್ಟುವಷ್ಟರಲ್ಲಿ ಎಲ್ಲರ ಬಾಯಲ್ಲೂ ಸಕ್ಕರೆ. ಫೋನ್ ಮುಗಿಸಿ ಬಂದ ಬೀಗರ ಬಾಯಿಗೂ, ಅವರು ಏನು ಅಂತ ಕೇಳಲು ತೆರೆದದ್ದೇ ತಡ, ನಮ್ಮಪ್ಪ ಒಂದು ಚಿಟಿಕೆ ಹಾಕಿ ಅಪ್ಪಿಕೊಂಡುಬಿಟ್ಟ.

ನಾನು ಚಾಚಾನ ಬೆನ್ನ ಹಿಂದೆ ನಿಂತೆ. ಚಾಚಾ ಸಣ್ಣ ಆಳು, ನಾನು ಎರಡೂ ಕಡೆ ಕಾಣುತ್ತಿದ್ದೆ.

ಕೆಲಸ ಆಗಿಹೋಗಿತ್ತು, ಅಕ್ಕ ಸುಮ್ಮನಿದ್ದರೆ ಸಾಕಿತ್ತು. ಇರಲಿಲ್ಲ. ಒದ್ದೆ ಸೀರೆಯ ನಿರಿಗೆ ಹಿಡಿದುಕೊಂಡು ನೇರ ಅವರ ಮುಂದೆ ನಿಂತಳು. "ಅದು ನಿಮ್ಮ ಮಾತಲ್ರಿ. ನನ್ನ ತಮ್ಮ ನಿಮ್ಮ ದನಿ ತೆಗೆದಾನ. ನಾನೇ ‘ಮುಂದ?’ ಅಂದೆ. ನೀವಾಗೇ ಹೇಳ್ರಿ, ಇಲ್ಲಂದ್ರ ಈ ಸಕ್ರಿ ನಮಗ ಬ್ಯಾಡ."

ಅವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ಬೀಗರು ನನ್ನನ್ನು ಹುಡುಕಿದರು. ನಾನು ಸಿಕ್ಕೆ. ಅವರು ಉಸಿರೆಳೆದುಕೊಂಡು, ಅಸಲಿ ಮಾತು ಏನಂದ್ರ, ಎಂದು ಶುರು ಮಾಡುವಷ್ಟರಲ್ಲಿ ಆಯಿ ಕೋಲು ಕುಟ್ಟಿದಳು.

"ನನಗ ಕಣ್ಣು ಮಂದ ಆಗ್ಯಾವ, ಕಿವಿ ಅಲ್ಲ. ನನ್ನ ಮಗ ಇಷ್ಟು ಲಗೂ ಅಸಲಿ ಮಾತಿಗಿ ಬರೋದುಂಟ? ಇವ ಬ್ಯಾರೆಯವ ಅಂತ ಆಗೇ ತಿಳೀತು. ಆದರ ಮಾತು ಛಲೋ ಇತ್ತು. ತೊಗರಿ ಬ್ಯಾಡ, ಮೊಳಕಾಲು ಬ್ಯಾಡ. ಹೂಂ ಏನೋ, ಇಲ್ಲ ಏನೋ?"

ಬೀಗರು ತಾಯಿಯನ್ನು ನೋಡಿದರು, ಮಗನನ್ನು ನೋಡಿದರು, ಕೈ ಕಟ್ಟಿ ಉತ್ತರಕ್ಕೆ ಕಾಯುತ್ತಿದ್ದ ಗಣಿತದ ಮೇಡಮನ್ನು ನೋಡಿದರು. ಬಾಯಲ್ಲಿ ಸಕ್ಕರೆ ಕರಗುತ್ತಿತ್ತು.

"ಹೂಂ," ಅಂದರು.

ನಿಜ ಹೇಳಬೇಕೆಂದರೆ ನನ್ನ ಹೂಂ ಇದಕ್ಕಿಂತ ಚೆನ್ನಾಗಿತ್ತು, ಎದೆಯಿಂದ ಬಂದಿತ್ತು. ಆದರೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡದ್ದು ಈ ಹೂಂಗೆ.

ಆಮೇಲೆ ಬೀಗರು ಅವ್ವನ ಡಬ್ಬಿಗೆ ಕೈ ಹಾಕಿ, ಚಿಟಿಕೆ ಅಲ್ಲ, ಹಿಡಿ ತುಂಬ ಸಕ್ಕರೆ ತೆಗೆದು ನನ್ನ ಬಾಯಿಗೆ ತುರುಕಿದರು. ಕೆನ್ನೆ ಎರಡೂ ಉಬ್ಬಿ, ನಾಲಿಗೆ ಹೊರಳಲೂ ಜಾಗ ಇರಲಿಲ್ಲ. ಹೆಗಲ ಮೇಲೆ ಕೈ ಹಾಕಿ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. "ನಾ ಮಾತಾಡೋದು ಕಮ್ಮಿ," ಅಂದರು ಪ್ರೀತಿಯಿಂದ, "ನೀ ಈಗ ನನ್ನಕಿಂತ ಕಮ್ಮಿ." ತೊಗರಿಯಿಂದ ಶುರು ಮಾಡಿದರು.

ಅವರು ಮೊಳಕಾಲಿಗೆ ಬರುವ ಹೊತ್ತಿಗೆ, ನೀರು ಹೊರಹಾಕುವವರಿಲ್ಲದೆ ಚಾಚಾನ ದೋಣಿ ದಂಡೆಯಲ್ಲೇ ಅದಬ್‌ನಿಂದ ಕೂತುಬಿಟ್ಟಿತ್ತು, ಅಂಚಷ್ಟೇ ಕಾಣುವಂತೆ. ಆ ಅಂಚಿನ ಪಕ್ಕ ನಿಂತು ಅಕ್ಕ ಹುಡುಗನಿಗೆ ಯಾವ ಬಸ್ ಹಿಡಿದರೆ ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಸಾಲಿ ಮುಟ್ಟಬಹುದು ಎಂದು ಬೆರಳು ಮಡಚಿ ಲೆಕ್ಕ ಹೇಳುತ್ತಿದ್ದಳು. ಅವನು ಹೂಂ, ಹೂಂ ಅನ್ನುತ್ತಿದ್ದ.