ಕೊನೆಯ ಎಲೆ ಎತ್ತುವ ತನಕ

ಅಮ್ಮನ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡದ್ದು ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ. ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಊಟದ ಹೋಟೆಲಿತ್ತು. ಲಾರಿ ಡ್ರೈವರುಗಳು, ಮೇಸ್ತ್ರಿಗಳು, ಓವರ್‌ಸಿಯರುಗಳು ಅಲ್ಲಿ ಉಣ್ಣುತ್ತಿದ್ದರು. ಗಲ್ಲಾದಲ್ಲಿ ಅಪ್ಪ, ಒಲೆಯ ಮುಂದೆ ಅಮ್ಮ. ನಾನು ಶಿವಮೊಗ್ಗದ ವಾರಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದೆ, ರಜೆಯಲ್ಲಿ ಮನೆಗೆ ಬರುತ್ತಿದ್ದೆ.

ಅಮ್ಮ ಹೊಗೆಸೊಪ್ಪು ಹಾಕುತ್ತಿದ್ದಳು. ಬೆಳಗ್ಗೆ ಕೆನ್ನೆಯಲ್ಲಿ ಒತ್ತಿಕೊಂಡರೆ ಸಂಜೆವರೆಗೂ ಒಂದಲ್ಲ ಒಂದು ಚೂರು ಅಲ್ಲಿರುತ್ತಿತ್ತು. ಮಚ್ಚೆ ನೋಡಿದ, ನಮ್ಮಲ್ಲೇ ಉಣ್ಣುತ್ತಿದ್ದ ಪೇಟೆಯ ಡಾಕ್ಟರು, "ಇದು ಹುಣ್ಣಾದ್ರೆ ಕ್ಯಾನ್ಸರು. ಸಾಯೋಕೆ ಮನಸ್ಸಿದ್ರೆ ತಿನ್ನು" ಎಂದು ಗದರಿ ಕಳಿಸಿದರು. ಅಪ್ಪ ಅವಳ ಪೊಟ್ಟಣವನ್ನು ಗಿರಾಕಿಗಳ ಎದುರೇ ಬೀದಿಗೆ ಎಸೆದ. ತೀರ್ಥಹಳ್ಳಿಯಿಂದ ಚಿಕ್ಕಪ್ಪ ಬಂದು, ದೇವರ ದೀಪ ಮುಟ್ಟಿಸಿ ಆಣೆ ಹಾಕಿಸಿದ.

"ಅತ್ತಿಗೆ, ಆಣೆ ಮುರಿದ್ರೆ ಮಕ್ಕಳಿಗೆ ತಟ್ತದೆ. ನೆನಪಿರ್ಲಿ."

ಹೀಗೆನ್ನುವಾಗ ಅವನ ಬಾಯಲ್ಲೂ ಹೊಗೆಸೊಪ್ಪಿತ್ತು. ಅರ್ಧಕ್ಕೆ ನಿಲ್ಲಿಸಿ, ಹೊರಗೆ ಹೋಗಿ ಉಗುಳಿ ಬಂದು ಉಪದೇಶ ಮುಂದುವರಿಸಿದ. ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಆಣೆ ಹೆಚ್ಚು ದಿನ ನಿಲ್ಲಲಿಲ್ಲ. ಅಮ್ಮ ಅಕ್ಕಿಡಬ್ಬದ ಹಿಂದೆ ಹೊಗೆಸೊಪ್ಪು ಬಚ್ಚಿಟ್ಟು ಕದ್ದು ಹಾಕತೊಡಗಿದಳು. ನಾನು ಬಸ್ಸಿಳಿದು ಒಳಗೆ ಬಂದರೆ ಮೊದಲು ಹಣೆ ಮುಟ್ಟಿ ನೋಡುವಳು. "ಜ್ವರಗಿರ ಎಂತ ಇಲ್ಲ ಅಲ್ದಾ?" ಎನ್ನುವಳು. ನನಗೊಂದು ನೆಗಡಿಯಾದರೂ ತಾನೇ ಕಾರಣ ಎಂದುಕೊಳ್ಳುವಳು. ಆ ಹೆದರಿಕೆ ತಡೆಯಲು ಇನ್ನೊಂದು ಚೂರು ಬೇಕಾಗುತ್ತಿತ್ತು. ಚಿಕ್ಕಪ್ಪನ ಆಣೆಯಿಂದ ಆದ ಉಪಕಾರ ಇಷ್ಟು.

ಹೊಸನಗರದಲ್ಲಿ ಒಬ್ಬ ಲೇಡಿ ಡಾಕ್ಟರು ಬಂದಿದ್ದಾರೆಂದು ಕೇಳಿದ್ದೆ. ನೆಂಟರ ಮನೆಯ ನೆಪ ಹೇಳಿ ಅಮ್ಮನನ್ನು ಕರೆದುಕೊಂಡು ಹೋದೆ. ಡಾಕ್ಟರು ಮೈಸೂರು ಕಡೆಯವರು. ಬಾಯಿ ನೋಡಿ, ಕೈ ತೊಳೆದು, ಅಮ್ಮನ ಎದುರು ಕೂತರು. ಅಮ್ಮ ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧಳಾಗಿದ್ದಳು.

"ಬಿಡಿ ಅಂತ ಹೇಳೋರು ನಿಮಗೆ ಬೇಕಾದಷ್ಟು ಜನ ಇರಬೇಕಲ್ವಾ?" ಎಂದರು ಡಾಕ್ಟರು. "ಅದು ಇರಲಿ. ಹಾಕ್ಕೊಂಡ್ರೆ ನಿಮಗೆ ಏನು ಚೆನ್ನಾಗಿರುತ್ತೆ, ಅದನ್ನ ಹೇಳಿ."

ಅಮ್ಮ ನನ್ನ ಮುಖ ನೋಡಿದಳು. "ಹೊಟ್ಟೆ ಸುಮ್ಮನಿರ್ತದೆ, ಡಾಕ್ಟ್ರಮ್ಮ."

"ಹೊಟ್ಟೆ?"

"ಬೆಳಗ್ಗೆ ಒಂದು ಲೋಟ ಕಾಫಿ ಅಷ್ಟೆ. ಹೋಟೆಲಲ್ಲಿ ಕಡೇ ಎಲೆ ಎತ್ತೋ ತನಕ ನಾನು ಉಣ್ಣೂ ಹಾಗಿಲ್ಲ. ಅಡುಗೆಯವಳು ಮೊದ್ಲು ಉಂಡ್ರೆ ಅಡುಗೆಯೆಲ್ಲ ಎಂಜಲು ಅಂತಾರೆ ಇವರು."

"ಅಂದ್ರೆ ಅಷ್ಟೂ ಜನಕ್ಕೆ ಹಸಿದುಕೊಂಡು ಬೇಯಿಸ್ತೀರಿ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಡಾಕ್ಟರು ಅವಸರ ಮಾಡಲಿಲ್ಲ. ಇದು ಕಡಿಮೆಯಾದರೆ ಏನು ಒಳ್ಳೆಯದಾಗಬಹುದು ಎಂದು ಕೇಳಿದರು. "ಮಿಡಿ ಉಪ್ಪಿನಕಾಯಿ ತಿನ್ನಬಹುದು. ಈಗ ಖಾರ ತಾಗಿದ್ರೆ ಬಾಯಿ ಉರಿದುಹೋಗ್ತದೆ. ಕದ್ದು ಹಾಕೋದೂ ತಪ್ತದೆ" ಎಂದಳು ಅಮ್ಮ. ಏನು ಮಾಡಿ ನೋಡಬಹುದು ಅನ್ನಿಸುತ್ತದೆ ಎಂದು ಡಾಕ್ಟರು ಕೇಳಿದರು.

"ಬಿಡ್ತೀನಿ ಅಂತ ಹೇಳೂದಿಲ್ಲ. ಹೇಳಿ ಹೇಳಿ ಸಾಕಾಗಿದೆ. ಮೊದ್ಲು ಉಂಡು ನೋಡ್ತೀನಿ."

"ಅಷ್ಟೇ ಸಾಕು" ಎಂದರು ಡಾಕ್ಟರು.

ಆ ಕೋಣೆಯಲ್ಲಿ ಬಂದ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಅಷ್ಟು ದಿನ ಬೈದವರು, ಹೆದರಿಸಿದವರು, ದೀಪ ಮುಟ್ಟಿಸಿದವರು ಎಲ್ಲರೂ ಅವಳು ಬಡಿಸಿದ ಅನ್ನ ಉಂಡವರೇ. ನೀನು ಉಂಡೆಯಾ ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಮರುದಿನ ಬಾಗಿಲು ತೆರೆಯುವ ಮುಂಚೆ ಅಮ್ಮ ಅಡುಗೆಮನೆಯಲ್ಲಿ ಎಲೆ ಹಾಕಿಕೊಂಡು ಕೂತಳು. ಅಪ್ಪ ಬಂದು ನೋಡಿದ.

"ಎಂತ ಇದು? ಗಿರಾಕಿಗೆ ಎಂಜಲು ಬಡಿಸ್ತೀಯಾ?"

"ಎಂಜಲಾದ್ದು ನನ್ನ ಎಲೆ. ಪಾತ್ರೆ ಅಲ್ಲ."

"ಗೊತ್ತಾದ್ರೆ ಒಂದು ನರಪಿಳ್ಳೆ ಬರೂದಿಲ್ಲ ಇಲ್ಲಿಗೆ!"

"ಹಾಗಾದ್ರೆ ಇವತ್ತು ನೀವೇ ಬೇಯಿಸಿ."

ಅಪ್ಪನಿಗೆ ಅನ್ನ ಬಸಿಯಲೂ ಬರುತ್ತಿರಲಿಲ್ಲ. ಗೊಣಗುತ್ತ ಗಲ್ಲಾಕ್ಕೆ ಹೋದ. ಸುದ್ದಿ ಗಿರಾಕಿಗಳಿಗೆ ಗೊತ್ತಾಗದೆ ಇರಲಿಲ್ಲ. ಒಬ್ಬ ಲಾರಿ ಡ್ರೈವರ್ ಕೈ ನೆಕ್ಕುತ್ತ, "ಅಮ್ಮ ದಿನಾ ಮೊದ್ಲೇ ಉಣ್ಲಿ ಸ್ವಾಮಿ, ಸಾರಿಗೆ ಉಪ್ಪು ಸರಿಯಾಗಿ ಬೀಳ್ತಾ ಇದೆ" ಎಂದ. ಯಾರೂ ಹೋಟೆಲು ಬಿಟ್ಟು ಹೋಗಲಿಲ್ಲ.

ಕಂಟ್ರಾಕ್ಟರೊಬ್ಬನ ಕಡೆಯವರು ಬಾಗಿಲು ತೆರೆಯುವ ಮೊದಲೇ ಗುಂಪಾಗಿ ಬಂದ ದಿನ ಅಮ್ಮ ಉಣ್ಣಲಾಗದೆ ಮತ್ತೆ ಹೊಗೆಸೊಪ್ಪು ಹಾಕಿದಳು. "ನಾಯಿಬಾಲ" ಎಂದ ಅಪ್ಪ. ಮುಂದಿನ ಸಲ ಹೊಸನಗರಕ್ಕೆ ಹೋದಾಗ ಅಮ್ಮ ಅದನ್ನೂ ಹೇಳಿದಳು. ಡಾಕ್ಟರು ಬೈಯಲಿಲ್ಲ. ಮಿಕ್ಕ ದಿನಗಳಲ್ಲಿ ಹಾಕದೆ ಇರಲು ಹೇಗೆ ಆಯಿತು ಎಂದು ಕೇಳಿದರು. ಅಮ್ಮ ಹೇಳುತ್ತ ಹೋದಳು. ಹೇಳುವಾಗ ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ.

ಮಳೆಗಾಲ ಕಳೆಯುವ ಹೊತ್ತಿಗೆ ಹೊಗೆಸೊಪ್ಪು ನಿಂತಿತ್ತು. ಮಚ್ಚೆ ತೆಳುವಾಗಿದೆ ಎಂದರು ಡಾಕ್ಟರು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಿಲ್ಲ.

ಆಮೇಲೊಂದು ದಿನ ಅಪ್ಪ ಗಲ್ಲಾದಲ್ಲಿ ಕೂತು ಓವರ್‌ಸಿಯರೊಬ್ಬರಿಗೆ ಹೇಳುತ್ತಿದ್ದ: "ಬೈದೂ ಬೈದೂ ಬಿಡಿಸಿದೆ ಮಾರಾಯ್ರೆ. ಹೆಂಗಸ್ರಿಗೆ ಸಡಿಲ ಬಿಡಬಾರ್ದು."

ಒಳಗೆ ಅಮ್ಮ ಉಣ್ಣುತ್ತಿದ್ದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ನೀವು ಬೈದಷ್ಟು ದಿನವೂ ನಾನು ತಿಂದೆ. ಅದನ್ನೂ ಹೇಳಿ ಅವರಿಗೆ."

ಅಪ್ಪ ತಿರುಗಿ ನೋಡಲಿಲ್ಲ. ಅಮ್ಮ ಇನ್ನೊಂದು ಸಲ ಅನ್ನ ಹಾಕಿಕೊಂಡು ಮಜ್ಜಿಗೆ ಕಲೆಸಿದಳು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು.